ರೋಟರಿ: ಆರಂಭದ ಬೆಳವಣಿಗೆ ಮತ್ತು ಪ್ರಾದೇಶಿಕ ಪುನರ್ವಿಂಗಡಣೆ

ಸೇವಾ ಕ್ಲಬ್ ಎಂದು ಇಂದು ಕರೆಯುವ ಸಂಸ್ಥೆಗಳಲ್ಲಿ ರೋಟರಿ ಮೊದಲನೆಯದು. ಒಂದೇ ಊರಿನ ಬೇರೆ ಬೇರೆ ಕಸುಬಿನವರು ತಪ್ಪದೆ ಸಭೆ ಸೇರಿ ಪರಿಚಯ ಬೆಳೆಸಿಕೊಳ್ಳುವುದು, ಆ ಪರಿಚಯದ ಬಲದಿಂದ ಊರಿಗೆ ಬೇಕಾದ ಕೆಲಸಕ್ಕೆ ಕೈಹಾಕುವುದು ಅದರ ರೀತಿ. 1905ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ನಾಲ್ವರಿಂದ ಆರಂಭವಾದ ಈ ಕೂಟ 1921ರ ಹೊತ್ತಿಗೆ ಆರು ಖಂಡಗಳಲ್ಲಿ ಕ್ಲಬ್‌ಗಳನ್ನು ಹೊಂದಿತ್ತು. ಇದೇ ಮಾದರಿಯಲ್ಲಿ 1915ರಲ್ಲಿ ಡೆಟ್ರಾಯಿಟ್‌ನಲ್ಲಿ ಕಿವಾನಿಸ್, 1917ರಲ್ಲಿ ಶಿಕಾಗೊದಲ್ಲಿಯೇ ಲಯನ್ಸ್ ಹುಟ್ಟಿಕೊಂಡವು. ರೋಟರಿಯ ಸೇವಾಕಾರ್ಯಗಳ ಬಗ್ಗೆ ಬರೆದವರು ಬಹಳ ಮಂದಿ. ಸಂಬಳವಿಲ್ಲದ ಪದಾಧಿಕಾರಿಗಳನ್ನೇ ನಂಬಿಕೊಂಡ ಸಂಸ್ಥೆ ಇಷ್ಟು ದೂರ ಹರಡಿಯೂ ಒಡೆದುಹೋಗದೆ ಉಳಿದದ್ದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ಗಮನ ಕಡಿಮೆ. ಉತ್ತರದ ಬಹುಪಾಲು ಅದರ ಜಿಲ್ಲಾ ವ್ಯವಸ್ಥೆಯಲ್ಲಿದೆ.

ಶಿಕಾಗೊದ ಆರಂಭ

ಸ್ಥಾಪಕ ಪಾಲ್ ಹ್ಯಾರಿಸ್ (1868–1947) ವಕೀಲರು. ವಿಸ್ಕಾನ್ಸಿನ್ ರಾಜ್ಯದ ರಸೀನ್‌ನಲ್ಲಿ ಹುಟ್ಟಿ, ವರ್ಮಾಂಟ್‌ನ ವಾಲಿಂಗ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಅಜ್ಜ ಅಜ್ಜಿಯರ ಆಸರೆಯಲ್ಲಿ ಬೆಳೆದರು. ಕಾನೂನು ಪದವಿ ಪಡೆದ ಮೇಲೆ ಐದು ವರ್ಷ ನಾನಾ ಊರು ಸುತ್ತಿ, ನಾನಾ ಕೆಲಸ ಮಾಡಿ, 1896ರಲ್ಲಿ ಶಿಕಾಗೊದಲ್ಲಿ ವಕೀಲಿಕೆಗೆ ಕುಳಿತರು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಬೆಳೆದವರಿಗೆ ಯಾರೂ ಯಾರನ್ನೂ ಅರಿಯದ ಆ ಮಹಾನಗರದ ಒಂಟಿತನ ಸಹಿಸಲು ಕಷ್ಟವಾಗಿತ್ತು. ವೃತ್ತಿಯ ಪರಿಚಯಗಳನ್ನೇ ಗೆಳೆತನವಾಗಿ ಮಾಡಿಕೊಳ್ಳಬಹುದೆಂಬ ಆಲೋಚನೆ ಅಲ್ಲಿಂದ ಹುಟ್ಟಿತು.

1905ರ ಫೆಬ್ರುವರಿ 23ರಂದು ಡಿಯರ್‌ಬಾರ್ನ್ ಬೀದಿಯ ಯೂನಿಟಿ ಕಟ್ಟಡದ 711ನೆಯ ಕೋಣೆಯಲ್ಲಿ ಮೊದಲ ಸಭೆ ನಡೆಯಿತು. ಕೋಣೆ ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್ ಅವರ ಕಚೇರಿ. ಅವರೊಡನೆ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಬಟ್ಟೆ ಹೊಲಿಗೆಯ ಅಂಗಡಿಯಿದ್ದ ಹೈರಮ್ ಶೋರಿ ಇದ್ದರು. ಲೋರ್ ಮತ್ತು ಶೋರಿ ಹೆಚ್ಚು ಕಾಲ ಉಳಿಯಲಿಲ್ಲ. ಎರಡನೆಯ ಸಭೆಗೆ ಬಂದ ಮುದ್ರಕ ಹ್ಯಾರಿ ರಗಲ್ಸ್ ಮಾತ್ರ ಗಟ್ಟಿಯಾಗಿ ನಿಂತರು. ಸಭೆಯಲ್ಲಿ ಎಲ್ಲರೂ ಸೇರಿ ಹಾಡುವ ವಾಡಿಕೆಯನ್ನು ತಂದವರೂ ಅವರೇ. ಸದಸ್ಯರ ಕಚೇರಿ, ಅಂಗಡಿಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ಕ್ಲಬ್ಬಿಗೆ ರೋಟರಿ ಎಂಬ ಹೆಸರು ಬಂತು. ಶೀಲ್ ಮೊದಲ ಅಧ್ಯಕ್ಷರಾದರು. ಯೂನಿಟಿ ಕಟ್ಟಡ ಈಗ ಇಲ್ಲ. 711ನೆಯ ಕೋಣೆಯನ್ನು ಇವಾನ್‌ಸ್ಟನ್‌ನಲ್ಲಿರುವ ರೋಟರಿ ಅಂತರರಾಷ್ಟ್ರೀಯ ಕೇಂದ್ರ ಕಚೇರಿಯಲ್ಲಿ ಮರುಕಟ್ಟಲಾಗಿದೆ.

ಕ್ಲಬ್ಬಿನ ಮೊದಲ ನಿಯಮಗಳಲ್ಲಿ ಸೇವೆಯ ಮಾತಿರಲಿಲ್ಲ. ಒಂದು ಕಸುಬಿನಿಂದ ಒಬ್ಬರೇ ಸದಸ್ಯರು ಎಂಬುದು ಮುಖ್ಯ ಕಟ್ಟಳೆ. ಒಳಗೆ ಪೈಪೋಟಿ ಇರಬಾರದು, ಒಬ್ಬರಿಂದೊಬ್ಬರಿಗೆ ವ್ಯಾಪಾರ ಸಿಗಬೇಕು ಎಂಬುದು ಅದರ ಉದ್ದೇಶ. ಯಾರು ಯಾರಿಗೆ ಎಷ್ಟು ವ್ಯಾಪಾರ ಕೊಟ್ಟರು ಎಂದು ಲೆಕ್ಕ ಇಡಲು ಒಬ್ಬರನ್ನು ನೇಮಿಸಿದ್ದೂ ಉಂಟು. 1906ರಲ್ಲಿ ಪೇಟೆಂಟ್ ವಕೀಲ ಡೊನಾಲ್ಡ್ ಕಾರ್ಟರ್ ಅವರನ್ನು ಸದಸ್ಯರಾಗಲು ಕರೆದಾಗ ಅವರು ಈ ನಿಯಮಗಳನ್ನು ಓದಿ, ಹೊರಗಿನವರಿಗೆ ಏನೂ ಮಾಡದ ಕೂಟಕ್ಕೆ ಭವಿಷ್ಯವಿಲ್ಲವೆಂದು ಒಪ್ಪಲಿಲ್ಲ. ಅವರ ಆಕ್ಷೇಪ ಸರಿಯೆಂದು ಕಂಡು ನಗರದ ಹಿತವನ್ನೂ ಉದ್ದೇಶಗಳಲ್ಲಿ ಸೇರಿಸಲಾಯಿತು, ಕಾರ್ಟರ್ ಸದಸ್ಯರಾದರು. ರೋಟರಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಮೊದಲ ಸೇವಾಕಾರ್ಯ ಸಾರ್ವಜನಿಕ ಶೌಚಾಲಯ. ನಗರದ ಹೃದಯಭಾಗದಲ್ಲಿ ಅಂಥದ್ದೊಂದು ಬೇಕೆಂದು 1907ರಲ್ಲಿ ಕ್ಲಬ್ ಇತರ ಸಂಸ್ಥೆಗಳನ್ನು ಜೊತೆಗೂಡಿಸಿಕೊಂಡು ಒತ್ತಾಯಿಸಿತು. ವಿರೋಧ ಬಂದದ್ದು ಬಿಯರ್ ತಯಾರಕರಿಂದ, ದೊಡ್ಡ ಅಂಗಡಿಗಳವರಿಂದ. ಗಂಡಸರಿಗೆ ಪಾನಗೃಹಗಳಲ್ಲಿ, ಹೆಂಗಸರಿಗೆ ಅಂಗಡಿಗಳಲ್ಲಿ ಆ ಅನುಕೂಲ ಇದ್ದೇ ಇದೆ ಎಂಬುದು ಅವರ ವಾದ. ಒಳಗೆ ಬಂದವರು ಏನನ್ನಾದರೂ ಕೊಳ್ಳದೆ ಹೋಗುವುದಿಲ್ಲ ಎಂಬುದು ಅದರ ಹಿಂದಿದ್ದ ಲೆಕ್ಕ. ಎರಡು ವರ್ಷಗಳ ಪ್ರಯತ್ನದ ನಂತರ ನಗರಸಭೆಯ ಕಟ್ಟಡದ ಬಳಿ ಶೌಚಾಲಯ ತೆರೆಯಿತು. ಬೀದಿಯಲ್ಲಿ ನಡೆಯುವ ಯಾರಿಗಾದರೂ ಬೇಕಾದ, ಯಾರ ಹೆಸರನ್ನೂ ಮೆರೆಸದ ಕೆಲಸವನ್ನು ಮೊದಲನೆಯದಾಗಿ ಆರಿಸಿಕೊಂಡದ್ದು ಆ ವ್ಯಾಪಾರಿಗಳ ವಿವೇಕವನ್ನು ತೋರಿಸುತ್ತದೆ.

ಊರಿಂದೂರಿಗೆ

ಬೇರೆ ಊರುಗಳಲ್ಲಿಯೂ ಕ್ಲಬ್ ಕಟ್ಟಬೇಕೆಂಬುದು ಹ್ಯಾರಿಸರ ಹಂಬಲವಾಗಿತ್ತು. ಶಿಕಾಗೊದ ಸದಸ್ಯರಲ್ಲಿ ಅನೇಕರಿಗೆ ಅದು ಬೇಕಿರಲಿಲ್ಲ. ತಮ್ಮ ಊರಿನ ಗೆಳೆತನ ತಮಗೆ ಸಾಕು, ದೂರದವರ ಖರ್ಚು ತಾವೇಕೆ ಹೊರಬೇಕು ಎಂದರು. ಹೀಗಾಗಿ ಮೊದಲ ವಿಸ್ತರಣೆ ಪ್ರವಾಸಿಗರ ಮೂಲಕ, ಪರಿಚಯಸ್ಥರ ಮೂಲಕ ಆಯಿತು. ಶಿಕಾಗೊದಿಂದ ಪಶ್ಚಿಮ ಕರಾವಳಿಗೆ ಹೋದ ಮ್ಯಾನ್ಯುಯೆಲ್ ಮುನ್ಯೋಸ್ ಸ್ಯಾನ್ ಫ್ರಾನ್ಸಿಸ್ಕೋದ ವಕೀಲ ಹೋಮರ್ ವುಡ್ ಅವರಿಗೆ ಕ್ಲಬ್ಬಿನ ಸಂಗತಿ ತಿಳಿಸಿದರು. 1908ರಲ್ಲಿ ಅಲ್ಲಿ ಎರಡನೆಯ ಕ್ಲಬ್ ಹುಟ್ಟಿತು. ಭೂಕಂಪ ಮತ್ತು ಬೆಂಕಿಯಿಂದ 1906ರಲ್ಲಿ ಹಾಳಾಗಿದ್ದ ನಗರ ಅದು. ಮತ್ತೆ ಕಟ್ಟುವ ಹುರುಪಿನಲ್ಲಿದ್ದ ವ್ಯಾಪಾರಿಗಳು ಈ ವಿಚಾರವನ್ನು ಒಡನೆ ಹಿಡಿದರು. ವುಡ್ ಸುಮ್ಮನೆ ಕೂರಲಿಲ್ಲ. 1909ರಲ್ಲಿ ಓಕ್ಲೆಂಡ್, ಸಿಯಾಟಲ್, ಲಾಸ್ ಏಂಜಲೀಸ್ ಕ್ಲಬ್‌ಗಳಾದವು, ಪೂರ್ವದಲ್ಲಿ ನ್ಯೂಯಾರ್ಕ್, ಬಾಸ್ಟನ್ ಸೇರಿಕೊಂಡವು. ವಾರಕ್ಕೊಮ್ಮೆ ಮಧ್ಯಾಹ್ನದ ಊಟದ ಹೊತ್ತಿಗೆ ಸಭೆ ಸೇರುವ ಪದ್ಧತಿ ಓಕ್ಲೆಂಡಿನಿಂದ ಬಂದದ್ದು.

1910ರ ಆಗಸ್ಟ್‌ನಲ್ಲಿ ಹದಿನಾರು ಕ್ಲಬ್‌ಗಳು ಶಿಕಾಗೊದಲ್ಲಿ ಸಮಾವೇಶ ನಡೆಸಿ ರಾಷ್ಟ್ರೀಯ ರೋಟರಿ ಕ್ಲಬ್‌ಗಳ ಒಕ್ಕೂಟವನ್ನು ರಚಿಸಿದವು. ಹ್ಯಾರಿಸ್ ಅಧ್ಯಕ್ಷರು, ಚೆಸ್ಲಿ ಪೆರಿ ಕಾರ್ಯದರ್ಶಿ. ಪೆರಿ ಆ ಹುದ್ದೆಯಲ್ಲಿ 1942ರವರೆಗೆ ಮುಂದುವರಿದರು. ಅಧ್ಯಕ್ಷರು ವರ್ಷ ವರ್ಷ ಬದಲಾಗುವ ಸಂಸ್ಥೆಯಲ್ಲಿ ಮೂವತ್ತೆರಡು ವರ್ಷ ಕಡತ, ಪತ್ರವ್ಯವಹಾರ, ಪತ್ರಿಕೆ, ಸನ್ನದುಗಳನ್ನು ನೋಡಿಕೊಂಡ ಒಬ್ಬರಿದ್ದರು ಎಂಬುದು ಸಣ್ಣ ಮಾತಲ್ಲ. ರೋಟರಿಯ ನಕ್ಷೆ ತಮ್ಮದಾದರೆ ಕಟ್ಟಿದವರು ಪೆರಿ ಎಂಬರ್ಥದ ಮಾತನ್ನು ಹ್ಯಾರಿಸರೇ ಹೇಳಿದ್ದಾರೆ. ಸ್ಥಾಪಕರಿಗೆ ಸಂದಷ್ಟು ಗೌರವ ಪೆರಿಯವರಿಗೆ ಸಂದಿಲ್ಲ.

1911ರ ಜನವರಿಯಲ್ಲಿ ಸಂಸ್ಥೆಯ ಪತ್ರಿಕೆ ಹೊರಬಂತು. ಅದೇ ವರ್ಷ ಪೋರ್ಟ್‌ಲೆಂಡ್ ಸಮಾವೇಶದಲ್ಲಿ ಆರ್ಥರ್ ಶೆಲ್ಡನ್ ಅವರ ಮಾತಾದ ‘ಚೆನ್ನಾಗಿ ಸೇವೆ ಮಾಡಿದವನಿಗೇ ಹೆಚ್ಚಿನ ಲಾಭ’ ಮತ್ತು ಮಿನಿಯಾಪೊಲಿಸ್‌ನ ಬೆಂಜಮಿನ್ ಕಾಲಿನ್ಸ್ ಮುಂದಿಟ್ಟ ‘ಸ್ವಾರ್ಥವಲ್ಲ, ಸೇವೆ’ ಎಂಬ ಎರಡು ಘೋಷವಾಕ್ಯಗಳು ಪ್ರಚಾರಕ್ಕೆ ಬಂದವು. ಮೊದಲನೆಯದು ವ್ಯಾಪಾರಿಯ ನೀತಿ, ಎರಡನೆಯದು ಅದನ್ನು ಮೀರಿದ ಆದರ್ಶ. ಇವೆರಡರ ನಡುವಿನ ಎಳೆದಾಟವನ್ನು 1923ರ ಸೇಂಟ್ ಲೂಯಿಸ್ ಸಮಾವೇಶದ 34ನೆಯ ನಿರ್ಣಯ ಬಗೆಹರಿಸಲು ನೋಡಿತು. ತನ್ನ ಊರಿಗೆ ಯಾವ ಕೆಲಸ ಬೇಕೆಂದು ಕ್ಲಬ್ಬೇ ತೀರ್ಮಾನಿಸಬೇಕು, ಕೇಂದ್ರ ಸಂಸ್ಥೆ ಸಲಹೆ ಕೊಡಬಹುದೇ ಹೊರತು ಆಜ್ಞೆ ಮಾಡಬಾರದು ಎಂಬುದು ಅದರ ಸಾರ.

ವಿಭಾಗದಿಂದ ಜಿಲ್ಲೆಗೆ

ಕೆನಡಾದ ವಿನಿಪೆಗ್‌ನಲ್ಲಿ 1910ರಲ್ಲೇ ಕ್ಲಬ್ ರೂಪುಗೊಂಡಿತ್ತು. 1911ರಲ್ಲಿ ಡಬ್ಲಿನ್, ಬೆಲ್‌ಫಾಸ್ಟ್, ಲಂಡನ್ ಕ್ಲಬ್‌ಗಳು ಹುಟ್ಟಿದವು. ‘ರಾಷ್ಟ್ರೀಯ’ ಎಂಬ ಹೆಸರು ಹೊಂದದಾಯಿತು. 1912ರಲ್ಲಿ ಡುಲೂತ್ ಸಮಾವೇಶ ಒಕ್ಕೂಟವನ್ನು ಅಂತರರಾಷ್ಟ್ರೀಯವೆಂದು ಸಾರಿ, ಕ್ಲಬ್‌ಗಳನ್ನು ಎಂಟು ವಿಭಾಗಗಳಾಗಿ ಹಂಚಿತು: ಅಮೆರಿಕಕ್ಕೆ ಐದು, ಕೆನಡಾಕ್ಕೆ ಎರಡು, ಬ್ರಿಟನ್ ಮತ್ತು ಐರ್ಲೆಂಡಿಗೆ ಒಂದು. ವಿಭಾಗಕ್ಕೊಬ್ಬ ಉಪಾಧ್ಯಕ್ಷ.

ಕಾಗದದ ಮೇಲೆ ಇದು ಚೆನ್ನಾಗಿತ್ತು. ಆದರೆ ಉಪಾಧ್ಯಕ್ಷ ಎಂದರೆ ತನ್ನ ಊರಿನಲ್ಲಿ ಅಂಗಡಿಯೋ ವಕೀಲಿಕೆಯೋ ಇದ್ದ ಮನುಷ್ಯ. ವಿಮಾನವಿಲ್ಲದ ಕಾಲದಲ್ಲಿ ಐದಾರು ರಾಜ್ಯಗಳಲ್ಲಿ ಹರಡಿದ್ದ ಕ್ಲಬ್‌ಗಳನ್ನು ಅವನು ರೈಲಿನಲ್ಲಿ ಸುತ್ತಬೇಕು. ಕ್ಲಬ್‌ಗಳ ಸಂಖ್ಯೆ ಏರುತ್ತಿದ್ದಂತೆ ಭೇಟಿ ಅಪರೂಪವಾಯಿತು, ಹೊಸ ಕ್ಲಬ್‌ಗಳಿಗೆ ದಾರಿ ತೋರುವವರಿಲ್ಲವಾದರು. ಒಂದೊಂದು ಕ್ಲಬ್ಬಿನದೂ ಒಂದೊಂದು ನಿಯಮ. ಕೆಲವು ಕಡೆ ವ್ಯಾಪಾರ ಹಂಚಿಕೊಳ್ಳುವುದೇ ಮುಖ್ಯವಾಗಿ ಉಳಿದಿತ್ತು.

1915ರ ಸ್ಯಾನ್ ಫ್ರಾನ್ಸಿಸ್ಕೋ ಸಮಾವೇಶ ಇದಕ್ಕೆ ಪರಿಹಾರ ಹುಡುಕಿತು. ದೊಡ್ಡ ವಿಭಾಗಗಳನ್ನು ಬಿಟ್ಟು ಚಿಕ್ಕ ಜಿಲ್ಲೆಗಳನ್ನು ಮಾಡಲಾಯಿತು. ಪ್ರತಿ ಜಿಲ್ಲೆಗೆ ಒಂದು ವರ್ಷದ ಅವಧಿಗೆ ಒಬ್ಬ ಗವರ್ನರ್. ಎಲ್ಲ ಕ್ಲಬ್‌ಗಳಿಗೂ ಮಾದರಿಯಾಗಬಲ್ಲ ಸಂವಿಧಾನ, ವ್ಯಾಪಾರನೀತಿಯ ಸಂಹಿತೆ ಇವೂ ಅದೇ ಸಮಾವೇಶದ ಫಲ. ಗವರ್ನರ್ ತನ್ನ ವರ್ಷದಲ್ಲಿ ಜಿಲ್ಲೆಯ ಪ್ರತಿಯೊಂದು ಕ್ಲಬ್ಬಿಗೂ ಒಮ್ಮೆಯಾದರೂ ಹೋಗಬೇಕೆಂಬುದು ಈ ವ್ಯವಸ್ಥೆಯ ಜೀವಾಳ. ಜಿಲ್ಲೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ತೀರ್ಮಾನಿಸಿದ್ದು ಇದೇ. ತನ್ನ ವೃತ್ತಿಯನ್ನು ಬಿಡದ ಒಬ್ಬ ವ್ಯಕ್ತಿ ಒಂದು ವರ್ಷದಲ್ಲಿ ಸುತ್ತಿ ಬರಬಹುದಾದಷ್ಟು ಪ್ರದೇಶ, ಮುಖ ನೋಡಿ ಹೆಸರು ಹೇಳಬಹುದಾದಷ್ಟು ಅಧ್ಯಕ್ಷರು, ಕಾರ್ಯದರ್ಶಿಗಳು. ಈ ಮಿತಿ ದಾಟಿದಾಗಲೆಲ್ಲ ಜಿಲ್ಲೆಯನ್ನು ಒಡೆಯಬೇಕಾಗಿದೆ. ಮುಂದೆ ನಡೆದ ಎಲ್ಲ ಪುನರ್ವಿಂಗಡಣೆಗಳ ಹಿಂದೆಯೂ ಮೂಲದಲ್ಲಿ ಇದೇ ಕಾರಣ.

ಇಂದಿಗೂ ಗವರ್ನರ್ ಅವರ ಅಧಿಕೃತ ಭೇಟಿ ಕ್ಲಬ್ಬಿನ ವರ್ಷದ ದೊಡ್ಡ ದಿನ. ಹಗಲು ಪದಾಧಿಕಾರಿಗಳೊಡನೆ ಕೂತು ಲೆಕ್ಕಪತ್ರ, ಹಾಜರಾತಿ, ಕೈಗೊಂಡ ಯೋಜನೆಗಳನ್ನು ಪರಿಶೀಲಿಸುತ್ತಾರೆ. ಶಾಲೆಗೆ ಕೊಟ್ಟ ಬೆಂಚು, ನೀರಿನ ಘಟಕಗಳನ್ನು ಕಂಡು ಬರುತ್ತಾರೆ. ಸಂಜೆ ಕೊರಳಿಗೆ ಕಾಲರ್ ಧರಿಸಿದ ಅಧ್ಯಕ್ಷರು ಗಂಟೆ ಬಾರಿಸಿ ಸಭೆ ಆರಂಭಿಸುತ್ತಾರೆ, ಗವರ್ನರ್ ಮಾತಾಡುತ್ತಾರೆ. ಜುಲೈ 1ರಂದು ಎಲ್ಲ ಕ್ಲಬ್‌ಗಳ ಅಧಿಕಾರವೂ ಕೈಬದಲಾಗುತ್ತದೆ. ವರ್ಷ ಮುಗಿದ ಮೇಲೆ ಗವರ್ನರ್ ಮತ್ತೆ ಸಾಮಾನ್ಯ ಸದಸ್ಯ. ಅಧಿಕಾರ ಒಬ್ಬರಲ್ಲಿ ನೆಲೆಯೂರದಂತೆ ಈ ನಿಯಮ ಕಾದಿದೆ.

ಬ್ರಿಟನ್ನಿನ ಅಪವಾದ

ಜಿಲ್ಲಾ ವ್ಯವಸ್ಥೆಗೆ ಒಂದು ದೊಡ್ಡ ಅಪವಾದ ಬ್ರಿಟನ್. ಅಲ್ಲಿಯ ಮತ್ತು ಐರ್ಲೆಂಡಿನ ಕ್ಲಬ್‌ಗಳು 1914ರಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡಿದ್ದವು. ಮಹಾಯುದ್ಧ ಆರಂಭವಾಗಿ ಅಟ್ಲಾಂಟಿಕ್ ದಾಟುವುದು ಕಷ್ಟವಾದಾಗ ಈ ಒಕ್ಕೂಟ ತಾನೇ ಎಲ್ಲವನ್ನೂ ನಿಭಾಯಿಸಿತು. ಯುದ್ಧ ಮುಗಿದ ಮೇಲೆ ಆ ಸ್ವಾತಂತ್ರ್ಯವನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. 1922ರ ಲಾಸ್ ಏಂಜಲೀಸ್ ಸಮಾವೇಶ ಸಂಸ್ಥೆಗೆ ರೋಟರಿ ಇಂಟರ್‌ನ್ಯಾಷನಲ್ ಎಂಬ ಇಂದಿನ ಹೆಸರನ್ನೂ ಹೊಸ ಸಂವಿಧಾನವನ್ನೂ ಕೊಟ್ಟಾಗ ಬ್ರಿಟನ್–ಐರ್ಲೆಂಡ್ ಭಾಗವನ್ನು ಸ್ವಂತ ಆಡಳಿತವುಳ್ಳ ಪ್ರಾದೇಶಿಕ ಘಟಕವೆಂದು ಒಪ್ಪಿಕೊಳ್ಳಲಾಯಿತು. ಬೇರೆ ಯಾವ ದೇಶಕ್ಕೂ ಆ ಸ್ಥಾನ ಸಿಗಲಿಲ್ಲ. ದೇಶಕ್ಕೊಂದರಂತೆ ಒಕ್ಕೂಟಗಳು ಎದ್ದಿದ್ದರೆ ಎರಡನೆಯ ಮಹಾಯುದ್ಧದಲ್ಲಿ ಒಂದೊಂದೂ ತನ್ನ ತನ್ನ ಸರಕಾರದ ಬೆನ್ನಿಗೆ ನಿಲ್ಲುವ ಅಪಾಯವಿತ್ತು. ಆ ದೃಷ್ಟಿಯಿಂದ ಕ್ಲಬ್‌ಗಳನ್ನು ನೇರವಾಗಿ ಅಂತರರಾಷ್ಟ್ರೀಯ ಸಂಸ್ಥೆಗೆ ಜೋಡಿಸಿ, ನಡುವೆ ಜಿಲ್ಲೆಯನ್ನು ಮಾತ್ರ ಇಟ್ಟದ್ದು ಸರಿಯಾದ ನಿರ್ಧಾರ.

ಖಂಡಗಳಾಚೆ

ಇಂಗ್ಲಿಷ್ ಮಾತಾಡದ ದೇಶದ ಮೊದಲ ಕ್ಲಬ್ 1916ರಲ್ಲಿ ಕ್ಯೂಬಾದ ಹವಾನಾದಲ್ಲಿ ಆರಂಭವಾಯಿತು. 1918ರಲ್ಲಿ ಉರುಗ್ವೆಯ ಮಾಂಟೆವಿಡಿಯೊ, 1919ರಲ್ಲಿ ಮನಿಲಾ, ಶಾಂಘೈ, 1920ರಲ್ಲಿ ಟೋಕಿಯೊ ಮತ್ತು ಮ್ಯಾಡ್ರಿಡ್, 1921ರಲ್ಲಿ ಜೊಹಾನ್ಸ್‌ಬರ್ಗ್, ಮೆಲ್ಬರ್ನ್, ಸಿಡ್ನಿ ಸೇರಿದವು. 1925ರಲ್ಲಿ ಕ್ಲಬ್‌ಗಳು ಎರಡು ಸಾವಿರ ದಾಟಿ ಸದಸ್ಯರ ಸಂಖ್ಯೆ ಸುಮಾರು 1,08,000 ಆಗಿತ್ತು.

ಏಷ್ಯಾದ ನಕ್ಷೆಯ ಮೇಲೆ ಇನ್ನೂ ದೊಡ್ಡ ಖಾಲಿ ಜಾಗವಿತ್ತು. ಅದನ್ನು ತುಂಬಿದವರು ಕೆನಡಾದ ಕ್ಯಾಲ್ಗರಿಯ ಜೇಮ್ಸ್ ವೀಲರ್ ಡೇವಿಡ್‌ಸನ್. ಯುದ್ಧ ವರದಿಗಾರರಾಗಿ, ಅಮೆರಿಕದ ಕಾನ್ಸುಲ್ ಕಚೇರಿಯ ಅಧಿಕಾರಿಯಾಗಿ ಫಾರ್ಮೋಸಾದಲ್ಲಿದ್ದು, ಆ ದ್ವೀಪದ ಬಗ್ಗೆ 1903ರಲ್ಲಿ ಒಂದು ಬೃಹತ್ ಗ್ರಂಥವನ್ನೇ ಬರೆದಿದ್ದವರು. 1921ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ರೋಟರಿಯನ್ನು ಒಯ್ದ ಇಬ್ಬರಲ್ಲಿ ಒಬ್ಬರು. 1928ರಲ್ಲಿ ಪತ್ನಿ, ಮಗಳೊಂದಿಗೆ ಹೊರಟ ಅವರು ಅಥೆನ್ಸ್, ಕೈರೊ, ಜೆರುಸಲೇಮ್ ಹಾದು ಭಾರತಕ್ಕೆ ಬಂದು, ಮುಂದೆ ಕೊಲಂಬೊ, ರಂಗೂನ್, ಮಲಯ, ಸಿಂಗಪುರ, ಬಟೇವಿಯ, ಬ್ಯಾಂಕಾಕ್, ಹಾಂಗ್‌ಕಾಂಗ್‌ಗಳವರೆಗೆ ಹೋದರು. 1931ರಲ್ಲಿ ಮರಳುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್‌ಗಳಾಗಿದ್ದವು. ಸಂಸ್ಥೆ ಕೊಟ್ಟ ಹಣ ಸಾಲದೆ ಬಹಳಷ್ಟನ್ನು ಕೈಯಿಂದ ಹಾಕಿದರು. ವಸಾಹತುಶಾಹಿಯ ಆ ದಿನಗಳಲ್ಲಿ ಯುರೋಪಿಯನ್ನರು, ಸ್ಥಳೀಯರು ಒಂದೇ ಮೇಜಿನಲ್ಲಿ ಸಮಾನರಾಗಿ ಕೂತು ಉಣ್ಣುವುದು ಅನೇಕ ನಗರಗಳಲ್ಲಿ ನಡೆಯದ ಮಾತಾಗಿತ್ತು. ಎರಡೂ ಕಡೆಯವರನ್ನು ಒಬ್ಬೊಬ್ಬರನ್ನಾಗಿ ಕಂಡು ಒಪ್ಪಿಸಬೇಕಾಗಿತ್ತು, ಅದನ್ನು ಡೇವಿಡ್‌ಸನ್ ಮಾಡಿದರು. ಮರಳಿದ ಎರಡೇ ವರ್ಷಕ್ಕೆ, 1933ರಲ್ಲಿ, ತೀರಿಕೊಂಡರು.

ಕುಗ್ಗಿದ ವರ್ಷಗಳು

ಬೆಳವಣಿಗೆ ಎಂದೂ ಒಂದೇ ಸಮ ಇರಲಿಲ್ಲ. ಜರ್ಮನಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಅಲ್ಲಿಯ ಅನೇಕ ಕ್ಲಬ್‌ಗಳು ತಮ್ಮ ಯಹೂದಿ ಸದಸ್ಯರನ್ನು ಹೊರಗೆ ಕಳಿಸಿದವು. ಮ್ಯೂನಿಕ್ ಕ್ಲಬ್ 1933ರಲ್ಲಿ ಕಾದಂಬರಿಕಾರ ಥಾಮಸ್ ಮನ್ ಅವರನ್ನು ಸದಸ್ಯತ್ವದಿಂದ ತೆಗೆಯಿತು. ಹೀಗೆ ತಲೆಬಾಗಿದ್ದರಿಂದ ಕ್ಲಬ್‌ಗಳೇನೂ ಉಳಿಯಲಿಲ್ಲ. 1937ರಲ್ಲಿ ಅಲ್ಲಿ ರೋಟರಿಯೇ ವಿಸರ್ಜನೆಗೊಂಡಿತು. ಇಟಲಿಯಲ್ಲಿ 1938ರಲ್ಲಿ, ಜಪಾನಿನಲ್ಲಿ 1940ರಲ್ಲಿ ಅದೇ ಗತಿ. ಜಪಾನಿನ ಸದಸ್ಯರು ರೋಟರಿ ಎಂಬ ಹೆಸರು ಬಿಟ್ಟು, ಸಭೆ ಸೇರುವ ವಾರದ ಹೆಸರನ್ನೇ ಕ್ಲಬ್ಬಿಗಿಟ್ಟುಕೊಂಡು ಕೂಡುತ್ತಿದ್ದರು. ಟೋಕಿಯೊದ್ದು ‘ಬುಧವಾರದ ಕ್ಲಬ್’. ಜಪಾನ್ ಮತ್ತು ಪಶ್ಚಿಮ ಜರ್ಮನಿಯ ಕ್ಲಬ್‌ಗಳು 1949ರಲ್ಲಿ ಮರಳಿ ಸೇರಿದವು. ಇನ್ನೊಂದು ಕೊರತೆ ಆರಂಭದಿಂದಲೂ ಇತ್ತು: ಊರಿನ ಅರ್ಧ ಜನರಾದ ಮಹಿಳೆಯರಿಗೆ ಸದಸ್ಯತ್ವವಿರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 1987ರ ತೀರ್ಪಿನ ನಂತರ, 1989ರಲ್ಲಿ ಎಲ್ಲೆಡೆ ಆ ನಿಷೇಧ ಹೋಯಿತು. ಇಷ್ಟು ತಡವಾದದ್ದಕ್ಕೆ ಸಮರ್ಥನೆಯಿಲ್ಲ.

ಸಂಖ್ಯೆಗಳ ವ್ಯವಸ್ಥೆ

ಜಿಲ್ಲೆಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಜಿಲ್ಲೆಗಳು ಒಡೆದು ಹೊಸವು ಹುಟ್ಟಿದಂತೆ ಸಂಖ್ಯೆಗಳ ಕ್ರಮ ಕೆಡುತ್ತಿತ್ತು. 1949ರಲ್ಲಿ, ಮತ್ತೆ 1957ರಲ್ಲಿ ಜಗತ್ತಿನಾದ್ಯಂತ ಸಂಖ್ಯೆಗಳನ್ನು ಬದಲಾಯಿಸಬೇಕಾಯಿತು. 1957ರ ಮೂರಂಕಿಯ ಕ್ರಮ 1991ರವರೆಗೆ ನಡೆಯಿತು. ಆ ವರ್ಷ ನಾಲ್ಕಂಕಿ ಬಂತು. ಸಾಮಾನ್ಯವಾಗಿ ಹಳೆಯ ಸಂಖ್ಯೆಯ ಕೊನೆಗೆ ಒಂದು ಸೊನ್ನೆ ಸೇರಿಸಿದರು: 318 ಹೋಗಿ 3180 ಆಯಿತು. ಮುಂದೆ ಆ ಜಿಲ್ಲೆ ಒಡೆದರೆ 3181, 3182 ಎಂದು ಅಲ್ಲಿಯೇ ಜಾಗ ಸಿಗುತ್ತದೆ, ಅಕ್ಕಪಕ್ಕದವರ ಸಂಖ್ಯೆ ಕದಲುವುದಿಲ್ಲ. ಎರಡು ಬಾರಿ ಪಟ್ಟ ಪಾಡಿನಿಂದ ಕಲಿತ ಸರಳ ಉಪಾಯವಿದು. ಸಾವಿರದ ಅಂಕಿಯಿಂದ ಪ್ರದೇಶವನ್ನೂ ಊಹಿಸಬಹುದು. ಬ್ರಿಟನ್ನಿನ ಜಿಲ್ಲೆಗಳು ಒಂದು ಸಾವಿರದಿಂದ, ಲ್ಯಾಟಿನ್ ಅಮೆರಿಕದವು ನಾಲ್ಕು ಸಾವಿರದಿಂದ, ಆಸ್ಟ್ರೇಲಿಯಾದವು ಒಂಬತ್ತು ಸಾವಿರದಿಂದ ತೊಡಗುತ್ತವೆ. ಭಾರತದ ಬಹುತೇಕ ಜಿಲ್ಲೆಗಳು ಮೂರು ಸಾವಿರದ ಸಾಲಿನವು.

ಈಚಿನ ಉಪನಿಯಮದಂತೆ ನೂರಕ್ಕಿಂತ ಹೆಚ್ಚು ಕ್ಲಬ್‌ಗಳಿರುವ ಅಥವಾ 1,100ಕ್ಕಿಂತ ಕಡಿಮೆ ಸದಸ್ಯರಿರುವ ಜಿಲ್ಲೆಯ ಗಡಿಯನ್ನು ನಿರ್ದೇಶಕ ಮಂಡಳಿ ಬದಲಿಸಬಹುದು. ಮೊದಲ ದಶಕಗಳಲ್ಲಿ ಪುನರ್ವಿಂಗಡಣೆ ಎಂದರೆ ಒಡೆಯುವುದೇ ಆಗಿತ್ತು. ಸದಸ್ಯರು ಕಡಿಮೆಯಾಗುತ್ತಿರುವ ದೇಶಗಳಲ್ಲಿ ಈಗ ಜಿಲ್ಲೆಗಳನ್ನು ಕೂಡಿಸುವುದೂ ನಡೆದಿದೆ. ಜಿಲ್ಲೆಗಳ ಮೇಲೆ 34 ವಲಯಗಳಿದ್ದು, ನಿರ್ದೇಶಕರ ಆಯ್ಕೆಗೆ ಅವು ಆಧಾರ.

ಭಾರತ ಮತ್ತು ಕರ್ನಾಟಕ

ಭಾರತದ ಮೊದಲ ಕ್ಲಬ್ 1919ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ 1920ರ ಜನವರಿ 1ರಂದು ಸನ್ನದು ಪಡೆಯಿತು. ಆರಂಭದ ಸದಸ್ಯರು ಬಹುಪಾಲು ಯುರೋಪಿಯನ್ನರು. 1927ರಲ್ಲಿ ಲಾಹೋರ್, ಡೇವಿಡ್‌ಸನ್ ಬಂದ 1929ರಲ್ಲಿ ಬೊಂಬಾಯಿ ಮತ್ತು ಮದರಾಸು ಕ್ಲಬ್‌ಗಳಾದವು. ಬೆಂಗಳೂರು ಕ್ಲಬ್ 1934ರದು. ಕಲ್ಕತ್ತೆ ಕ್ಲಬ್ಬಿನ ನಿತೀಶ್ ಲಾಹಿರಿ 1962–63ರಲ್ಲಿ ರೋಟರಿ ಅಂತರರಾಷ್ಟ್ರೀಯ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಏಷ್ಯಾದ ಮೊದಲಿಗರು ಅವರು. ನಾಲ್ಕಂಕಿಯ ಕ್ರಮ ಜಾರಿಗೆ ಬಂದ 1991–92ರಲ್ಲಿ ಚಂಡೀಗಢದ ರಾಜೇಂದ್ರ ಸಾಬು ಅಧ್ಯಕ್ಷರಾಗಿದ್ದರು.

ಜಿಲ್ಲಾ ಜಾಲದ ಉಪಯೋಗ ಭಾರತದಲ್ಲಿ ಎದ್ದು ಕಂಡದ್ದು ಪೋಲಿಯೊ ಲಸಿಕೆಯ ಕಾಲದಲ್ಲಿ. 1985ರಲ್ಲಿ ರೋಟರಿ ಕೈಗೆತ್ತಿಕೊಂಡ ಈ ಕಾರ್ಯಕ್ರಮದಲ್ಲಿ ಗವರ್ನರ್ ಕರೆಕೊಟ್ಟರೆ ಒಂದೇ ಭಾನುವಾರ ನೂರಾರು ಊರುಗಳ ಬೂತ್‌ಗಳಲ್ಲಿ ಆರೋಗ್ಯ ಕಾರ್ಯಕರ್ತರ ಪಕ್ಕ ಸದಸ್ಯರು ನಿಲ್ಲುತ್ತಿದ್ದರು. 2014ರ ಮಾರ್ಚ್ 27ರಂದು ಭಾರತವನ್ನು ಒಳಗೊಂಡ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರಕಿತು.

ರೋಟರಿ ಜಿಲ್ಲೆಯ ಗಡಿಗೂ ರಾಜ್ಯದ ಗಡಿಗೂ ಹೊಂದಾಣಿಕೆ ಇರಬೇಕೆಂದಿಲ್ಲ. ಕಲ್ಯಾಣ ಕರ್ನಾಟಕದ ಬಳ್ಳಾರಿ, ರಾಯಚೂರು, ಕಲಬುರಗಿ ಕ್ಲಬ್‌ಗಳು ಆಂಧ್ರದ ರಾಯಲಸೀಮೆಯ ಕ್ಲಬ್‌ಗಳೊಂದಿಗೆ 3160ರಲ್ಲಿವೆ. ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳು ಗೋವಾ ಮತ್ತು ದಕ್ಷಿಣ ಮಹಾರಾಷ್ಟ್ರದ ಕೆಲವು ಊರುಗಳೊಂದಿಗೆ 3170ರಲ್ಲಿವೆ. ಮೂರು ಭಾಷೆಯ ಕ್ಲಬ್‌ಗಳು ಒಬ್ಬ ಗವರ್ನರ್ ಕೆಳಗೆ ಕೆಲಸ ಮಾಡುವ ಈ ಬಗೆ ಗಡಿನಾಡಿನ ಜನಕ್ಕೆ ಒಗ್ಗಿಹೋಗಿದೆ. ಮೈಸೂರು, ಮಲೆನಾಡು, ಕರಾವಳಿಗಳನ್ನು ಒಳಗೊಂಡಿದ್ದ 3180 ಬಹಳ ದೊಡ್ಡದಾಯಿತೆಂದು 2016ರ ಜುಲೈನಿಂದ ಎರಡಾಯಿತು. ಮೈಸೂರು, ಚಾಮರಾಜನಗರ, ಕೊಡಗು, ದಕ್ಷಿಣ ಕನ್ನಡಗಳು 3181ಕ್ಕೆ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನಗಳು 3182ಕ್ಕೆ ಸೇರಿದವು. ಹೀಗೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಮಂಗಳೂರು, ಉಡುಪಿಗಳು ರೋಟರಿಯ ಲೆಕ್ಕದಲ್ಲಿ ಬೇರೆ ಬೇರೆಯಾದವು. ಬೆಂಗಳೂರು ಮತ್ತು ಸುತ್ತಲಿನ ಕ್ಲಬ್‌ಗಳ 3190 ಜಿಲ್ಲೆ 2023ರ ಜುಲೈನಿಂದ 3191 ಮತ್ತು 3192 ಎಂದು ವಿಂಗಡಣೆಗೊಂಡಿದೆ.